ಕೊಡಗಿನ ಸಣ್ಣ ಉದ್ಯಮಗಳಿಗೆ, ಊರಿನ ಸಂಘಗಳಿಗೆ ಬ್ರ್ಯಾಂಡ್ ರೂಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಪುಡಿ ಮಾಡುವವರು, ಹೋಂಸ್ಟೇ ನಡೆಸುವವರು, ಜೇನು, ಕಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ದ್ರವ), ಉಪ್ಪಿನಕಾಯಿ ಮಾರುವವರು, ನಾಟಕ ತಂಡ ಕಟ್ಟಿದವರು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು ನಮ್ಮ ಹತ್ತಿರ ಬರುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇವೆ. ಇದನ್ನು ಓದಿಕೊಂಡು ನೀವೇ ಮಾಡಿಕೊಂಡರೂ ನಮಗೆ ಖುಷಿಯೇ.

ಬ್ರ್ಯಾಂಡ್ ಅಂದರೆ ಲೋಗೋ ತಾನೇ?

ಲೋಗೋ ಅದರ ಒಂದು ಭಾಗ ಅಷ್ಟೇ. ಹೆಸರು, ಅಕ್ಷರದ ಶೈಲಿ, ಎರಡು ಮೂರು ಬಣ್ಣ, ಪ್ಯಾಕೆಟ್ಟು, ರಸ್ತೆ ಬದಿಯ ಬೋರ್ಡು, ಬಿಲ್ಲು, ವಾಟ್ಸಾಪ್‌ನಲ್ಲಿ ನೀವು ಗ್ರಾಹಕರಿಗೆ ಉತ್ತರ ಕೊಡುವ ರೀತಿ, ಎಲ್ಲವೂ ಸೇರುತ್ತವೆ. ಒಬ್ಬರು ಒಮ್ಮೆ ನಿಮ್ಮ ಕಾಫಿ ಕುಡಿದು ಇಷ್ಟಪಟ್ಟರು ಅಂತಿಟ್ಟುಕೊಳ್ಳಿ. ಮುಂದಿನ ಸಲ ಅಂಗಡಿಗೆ ಹೋದಾಗ ಅಲ್ಲಿರುವ ಅಷ್ಟೂ ಪ್ಯಾಕೆಟ್ ನಡುವೆ ಅವರು ನಿಮ್ಮದನ್ನೇ ಹುಡುಕಿ ತೆಗೆಯಬೇಕು. ಅದಕ್ಕೆ ಏನೇನು ಬೇಕೋ ಅಷ್ಟನ್ನು ನಾವು ಬ್ರ್ಯಾಂಡ್ ಎನ್ನುತ್ತೇವೆ.

ನಮ್ಮದು ನಾಲ್ಕು ಎಕರೆ ತೋಟ. ನಮಗೂ ಇದೆಲ್ಲ ಬೇಕಾ?

ಬೆಳೆದದ್ದನ್ನೆಲ್ಲ ಚೆರಿಯಾಗಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟ್ ಆಗಿಯೋ (ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು) ವ್ಯಾಪಾರಿಗೆ ಕೊಡುತ್ತಿದ್ದರೆ ಬೇಡ. ಆ ದುಡ್ಡನ್ನು ಕಣ ಸರಿಮಾಡಲು ಹಾಕಿ, ಜಾಸ್ತಿ ಲಾಭ. ಒಂದೆರಡು ಚೀಲವನ್ನಾದರೂ ಹುರಿದು, ಪುಡಿ ಮಾಡಿ ನಿಮ್ಮ ಹೆಸರಲ್ಲಿ ಮಾರುವ ಯೋಚನೆ ಇದ್ದರೆ ಖಂಡಿತ ಬೇಕು.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದ್ದು. ಆದರೂ ನಮ್ಮ ಅಜ್ಜಂದಿರ ಕಾಲದಲ್ಲಿ ಬೆಳೆಗಾರರ ಹೆಸರು ಪ್ಯಾಕೆಟ್ ಮೇಲೆ ಕಾಣುತ್ತಿದ್ದುದು ಅಪರೂಪ. ದಶಕಗಳ ಕಾಲ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಎಲ್ಲರದ್ದೂ ಒಟ್ಟಿಗೆ ಸೇರುತ್ತಿತ್ತು, ಯಾವ ತೋಟದ್ದೆಂದು ಕುಡಿಯುವವರಿಗೆ ಗೊತ್ತಾಗುತ್ತಿರಲಿಲ್ಲ. 1990ರ ದಶಕದಲ್ಲಿ ಈ ಪದ್ಧತಿ ಹಂತ ಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಪೂರ್ತಿ ಬೆಳೆಯನ್ನು ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಅಂದರೆ ಸ್ವಂತ ಹೆಸರಲ್ಲಿ ಕಾಫಿ ಮಾರುವ ಅಭ್ಯಾಸ ನಮ್ಮ ಮನೆಗಳಿಗೆ ತೀರಾ ಹೊಸದು. ಅಳುಕು ಇರುವುದು ಸಹಜ. ಬೆಳೆಯುವುದರಲ್ಲಿ ತಲೆಮಾರುಗಳ ಅನುಭವ ಇದೆ, ಹೇಳಿಕೊಳ್ಳುವುದನ್ನು ಈಗ ಕಲಿಯುತ್ತಿದ್ದೇವೆ.

ಹೆಸರಿನಲ್ಲಿ ‘ಕೂರ್ಗ್’ ಇರಲೇಬೇಕಾ? ಇಲ್ಲದಿದ್ದರೆ ಪ್ರವಾಸಿಗರಿಗೆ ಗೊತ್ತಾಗುವುದಿಲ್ಲ ಅಂತಾರೆ.

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಉತ್ತರ: ಊರಿನ ಹೆಸರು ಪ್ಯಾಕೆಟ್ ಮೇಲೆ ಇರಲಿ, ನಿಮ್ಮ ಹೆಸರಿನೊಳಗೆ ಬೇಡ.

ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ರಸ್ತೆಯ ಎರಡೂ ಬದಿಯ ಬೋರ್ಡುಗಳನ್ನು ಓದುತ್ತಾ ಬನ್ನಿ. ಕೂರ್ಗ್, ಮಿಸ್ಟ್, ಹಿಲ್, ವ್ಯಾಲಿ, ಗ್ರೀನ್. ಇದೇ ಪದಗಳು ಹಿಂದೆಮುಂದೆ ಆಗಿ ಬರುತ್ತಿರುತ್ತವೆ. ಬೆಂಗಳೂರಿಗೆ ವಾಪಸ್ ಹೋದ ಅತಿಥಿ ತನ್ನ ಸ್ನೇಹಿತರಿಗೆ ‘ಅದೇ, ಕೂರ್ಗ್ ಏನೋ ಹೋಂಸ್ಟೇ’ ಎಂದಷ್ಟೇ ಹೇಳುತ್ತಾನೆ. ನೀವು ಪ್ರೀತಿಯಿಂದ ಬಡಿಸಿದ ಕಡಂಬುಟ್ಟಿನ ಹೆಸರು ಇನ್ಯಾರಿಗೋ ಹೋಗುತ್ತದೆ. ಕಾನೂನಿನ ಕಡೆಯಿಂದಲೂ ತೊಂದರೆ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ವಸ್ತು ಯಾವ ಊರಿನದು, ಯಾವ ಬಗೆಯದು ಎಂದಷ್ಟೇ ಹೇಳುವ ಹೆಸರು ಸಾಮಾನ್ಯವಾಗಿ ಟ್ರೇಡ್‌ಮಾರ್ಕ್ ಆಗಿ (ಇದು ನಿಮ್ಮದೇ ಗುರುತು ಎಂಬ ಕಾನೂನಿನ ಹಕ್ಕಾಗಿ) ನೋಂದಣಿಯಾಗುವುದಿಲ್ಲ. ಕೊಡಗು ಎಲ್ಲರದ್ದು. ಅದನ್ನು ಒಬ್ಬರು ತಮ್ಮದು ಮಾಡಿಕೊಳ್ಳುವುದು ಸರಿಯೂ ಅಲ್ಲ.

ಹಾಗಾದರೆ ಹೆಸರು ಎಲ್ಲಿಂದ ತರುವುದು? ನಿಮ್ಮ ಬೇಲಿಯೊಳಗೇ ಹುಡುಕಿ. ತೋಟದ ಒಂದೊಂದು ತುಂಡಿಗೂ ಮನೆಯವರು, ಕೆಲಸದವರು ಒಂದೊಂದು ಹೆಸರು ಇಟ್ಟಿರುತ್ತಾರೆ. ಗದ್ದೆಗೆ, ಕೆರೆಗೆ, ತೋಡಿಗೆ ಹೆಸರಿರುತ್ತದೆ. ಹಳೇ ಹಲಸಿನ ಮರಕ್ಕೂ ಇರುತ್ತದೆ. ನೆರಳಿಗೆ ಸಿಲ್ವರ್ ಓಕ್ ಮಾತ್ರ ಇದೆಯಾ, ಅಥವಾ ಹಾಲವಾಣ, ನಂದಿ, ಹಲಸು ಉಳಿಸಿಕೊಂಡಿದ್ದೀರಾ? ಅದೂ ಹೇಳಿಕೊಳ್ಳುವ ವಿಷಯವೇ. ಮನೆಯ ಹಿರಿಯರ ಜೊತೆ ಒಂದು ಮಧ್ಯಾಹ್ನ ಕುಳಿತು, ಈ ಜಾಗಗಳಿಗೆಲ್ಲ ಮೊದಲು ಏನು ಕರೆಯುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳಿ. ದುಡ್ಡು ಕೊಟ್ಟು ಕರೆಸಿದ ಯಾವ ಡಿಸೈನರ್‌ಗೂ ಆ ಪಟ್ಟಿ ಸಿಗುವುದಿಲ್ಲ.

ಆರಿಸಿದ ಹೆಸರನ್ನು ಹೀಗೆ ಪರೀಕ್ಷೆ ಮಾಡಿ. ನೆಟ್‌ವರ್ಕ್ ಸರಿಯಿಲ್ಲದ ಜಾಗದಿಂದ ಯಾರಿಗಾದರೂ ಫೋನ್ ಮಾಡಿ ಒಂದೇ ಸಲ ಹೇಳಿ. ಆ ಕಡೆಯವರು ಸರಿಯಾಗಿ ಬರೆದುಕೊಂಡರೆ ಹೆಸರು ಗಟ್ಟಿ. ಹೆಸರಿನ ಕೆಳಗೆ ಸಣ್ಣದಾಗಿ ನಿಮ್ಮ ಊರು, ಆಮೇಲೆ ‘ಕೊಡಗು’ ಎಂದು ಹಾಕಿದರೆ ಪ್ರವಾಸಿಗರಿಗೆ ತಿಳಿಯಬೇಕಾದ್ದು ತಿಳಿಯುತ್ತದೆ.

ನಮ್ಮ ಒಕ್ಕದ ಹೆಸರನ್ನೇ ಬ್ರ್ಯಾಂಡಿಗೆ ಇಟ್ಟುಕೊಳ್ಳಬಹುದಾ?

ಇಡಬಹುದು. ಆದರೆ ಕೇಳಿ ಇಡಿ. ಮನೆತನದ ಹೆಸರು ನಿಮ್ಮೊಬ್ಬರದ್ದಲ್ಲ. ಅದೇ ಹೆಸರಿನ ದಾಯಾದಿಗಳು ಪಕ್ಕದ ಊರಲ್ಲಿ ಇನ್ನೊಂದು ಹೋಂಸ್ಟೇ ನಡೆಸುತ್ತಿರಬಹುದು. ನಾಳೆ ನಿಮ್ಮ ತಮ್ಮನ ಮಗಳು ಅದೇ ಹೆಸರಲ್ಲಿ ಚಾಕೊಲೇಟ್ ಮಾಡಬೇಕು ಅಂದುಕೊಳ್ಳಬಹುದು. ನೀವು ಮೊದಲೇ ಟ್ರೇಡ್‌ಮಾರ್ಕ್ ಮಾಡಿಸಿಟ್ಟಿದ್ದರೆ ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಕೂತು ಮಾತಾಡುವ ವಿಷಯ ವಕೀಲರ ಹತ್ತಿರ ಹೋಗುತ್ತದೆ. ಹಾಗಾಗಿ ಒಕ್ಕದ ಹಿರಿಯರಾದ ಪಟ್ಟೆದಾರರಿಗೆ ಮೊದಲು ತಿಳಿಸಿ. ಒಕ್ಕ ಸೇರುವ ದಿನ ಎಲ್ಲರ ಎದುರು ಹೇಳಿ. ಒಪ್ಪಿದ್ದನ್ನು ಒಂದು ಕಾಗದದಲ್ಲಿ ಬರೆದಿಡಿ.

ಇನ್ನೊಂದು ಸುಲಭದ ದಾರಿ ಇದೆ. ದೊಡ್ಡ ಅಕ್ಷರದಲ್ಲಿ ನಿಮ್ಮದೇ ಬೇರೆ ಹೆಸರು ಇರಲಿ, ಪ್ಯಾಕೆಟ್ಟಿನ ಹಿಂದೆ ನಿಮ್ಮ ಪರಿಚಯ ಹೇಳುವಾಗ ಮನೆ ಹೆಸರು ಬರಲಿ. ಗೌರವವೂ ಉಳಿಯುತ್ತದೆ, ಜಗಳವೂ ಬರುವುದಿಲ್ಲ.

ಲೋಗೋದಲ್ಲಿ ಏನು ಹಾಕುವುದು? ಕಾಫಿ ಬೀಜ, ಬೆಟ್ಟ, ಆನೆ, ಪೀಚೆಕತ್ತಿ?

ಕಾಫಿ ಬೀಜ, ಬೆಟ್ಟ, ಮಂಜು ಈ ಮೂರನ್ನು ಬಿಟ್ಟು ಯೋಚಿಸಿ ಎಂದು ಎಲ್ಲರಿಗೂ ಹೇಳುತ್ತೇವೆ. ಅವು ಕೆಟ್ಟ ಚಿತ್ರಗಳು ಅಂತಲ್ಲ, ಎಲ್ಲರ ಪ್ಯಾಕೆಟ್ ಮೇಲೂ ಅವೇ ಇವೆ. ಆನೆ ಹಾಕುವ ಮುಂಚೆ ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದವರನ್ನು ಒಮ್ಮೆ ಮಾತಾಡಿಸಿ. ರಾತ್ರಿ ತೋಟಕ್ಕೆ ಬರುವ ಆನೆ ಅವರಿಗೆ ಮುದ್ದಾದ ಚಿತ್ರ ಅಲ್ಲ.

ಪೀಚೆಕತ್ತಿ, ಒಡಿಕತ್ತಿ, ಕಾವೇರಮ್ಮ, ಕೈಮಡ (ಒಕ್ಕದ ಹಿರಿಯರ ಗುಡಿ), ದುಡಿ (ಕೈವಾದ್ಯ) ಇವುಗಳ ವಿಷಯದಲ್ಲಿ ನಮಗೆ ಗಟ್ಟಿ ಅಭಿಪ್ರಾಯ ಇದೆ. ಇವು ಪೂಜೆಗೆ, ಆಚರಣೆಗೆ ಸೇರಿದವು. ಹಬ್ಬದ ಆಮಂತ್ರಣಕ್ಕೆ, ಸಮಾಜದ ಸಂಘಟನೆಗೆ ಸರಿ. ತಿಂದು ಬಿಸಾಡುವ ಚಿಪ್ಸ್ ಪ್ಯಾಕೆಟ್ಟಿಗೆ ಬೇಡ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ಕೈಮುಗಿದ ತಾಯಿಯ ಚಿತ್ರ ಮರುದಿನ ಬಸ್‌ಸ್ಟ್ಯಾಂಡಿನ ಕಸದಲ್ಲಿ ಬಿದ್ದಿರುವುದನ್ನು ಯಾರು ನೋಡಬೇಕು? ಧಾರ್ಮಿಕ ಭಾವನೆಗೆ ನೋವಾಗುವ ಗುರುತುಗಳಿಗೆ ಟ್ರೇಡ್‌ಮಾರ್ಕ್ ಕೊಡುವಂತಿಲ್ಲ ಎಂದು ಕಾಯ್ದೆಯೂ ಹೇಳುತ್ತದೆ.

ಚಿತ್ರ ಇರಲೇಬೇಕು ಅಂತ ಯಾರೂ ಹೇಳಿಲ್ಲ. ಹೆಸರನ್ನೇ ಚೆನ್ನಾಗಿ ಬರೆಸಿದರೆ ಸಾಕು. ಹಳೇ ಎಸ್ಟೇಟುಗಳ ಗೋದಾಮಿನಲ್ಲಿ ಗೋಣಿಚೀಲಕ್ಕೆ ಗುರುತು ಹೊಡೆಯುತ್ತಿದ್ದ ತಗಡಿನ ಅಚ್ಚು ಸಿಕ್ಕರೆ ಬಿಸಾಡಬೇಡಿ, ನಮಗೆ ತೋರಿಸಿ. ಎರಡೋ ಮೂರೋ ಅಕ್ಷರ, ಒಂದು ಗೆರೆ, ಅಷ್ಟೇ ಇರುತ್ತದೆ. ದೂರದಿಂದ ನೋಡಿದರೂ ಯಾರ ಚೀಲ ಎಂದು ಗೊತ್ತಾಗುತ್ತಿತ್ತು. ಇವತ್ತಿನ ಲೋಗೋ ಮಾಡಬೇಕಾದ ಕೆಲಸವೂ ಅದೇ.

ಹಾಡಿಯವರು (ಆದಿವಾಸಿ ವಸತಿಯವರು) ಕೊಡುವ ಜೇನನ್ನು ಮಾರುತ್ತೇವೆ. ಅವರ ಫೋಟೋ, ಸಮುದಾಯದ ಹೆಸರು ಹಾಕಬಹುದಾ?

ಅವರು ಒಪ್ಪಿದರೆ, ಅದರಿಂದ ಅವರಿಗೂ ಪಾಲು ಸಿಗುವುದಾದರೆ ಹಾಕಿ. ಜೇನು ಕುರುಬರ ಹೆಸರು ಹಾಕಿದ ಕೂಡಲೇ ಬಾಟಲಿಗೆ ಬೆಲೆ ಏರುತ್ತದೆ. ಆ ಏರಿಕೆ ಯಾರ ಕೈಗೆ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ನಾವು ಆ ಲೇಬಲ್ ಮಾಡುವುದಿಲ್ಲ. ಫೋಟೋ ಹಾಕುವುದಾದರೆ ಮುದ್ರಿಸುವ ಮೊದಲು ಲೇಬಲ್ ಅನ್ನು ಅವರಿಗೇ ತೋರಿಸಿ. ಮಕ್ಕಳ ಫೋಟೋ ಬೇಡವೇ ಬೇಡ.

‘ಜಿಐ’ ಗುರುತನ್ನು ನಮ್ಮ ಪ್ಯಾಕೆಟ್ ಮೇಲೆ ಹಾಕಿಕೊಳ್ಳಬಹುದಾ?

ಸುಮ್ನೆ ಹಾಕುವಂತಿಲ್ಲ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕೂರ್ಗ್ ಕಿತ್ತಳೆಗೆ, ಕೂರ್ಗ್ ಹಸಿರು ಏಲಕ್ಕಿಗೆ ಅದಕ್ಕಿಂತ ಮೊದಲೇ ಇತ್ತು. ಬೆಳೆಗಾರರು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ ಎಂದು ನೋಂದಾಯಿಸಿಕೊಂಡ ಮೇಲೆ ಬಳಸಬಹುದು. ಗಮನಿಸಿ, ಕಾಫಿಯ ಗುರುತು ಅರೇಬಿಕಾಕ್ಕೆ ಮಾತ್ರ. ರೋಬಸ್ಟಾ ಬೆರೆಸಿದ ಪುಡಿಗೆ ಅದು ಹೊಂದುವುದಿಲ್ಲ.

ಹೆಸರು ಕನ್ನಡದಲ್ಲಿ ಇರಬೇಕಾ, ಇಂಗ್ಲಿಷಿನಲ್ಲಾ?

ಬೋರ್ಡಿನ ವಿಷಯದಲ್ಲಿ ಕಾನೂನು ಸ್ಪಷ್ಟ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಎಷ್ಟೋ ಜನ ಮೊದಲು ಇಂಗ್ಲಿಷ್ ಲೋಗೋ ಮಾಡಿಸಿ, ಬೋರ್ಡಿನ ಹೊತ್ತಿಗೆ ಸಿಕ್ಕಿದ ಫಾಂಟಿನಲ್ಲಿ ಕನ್ನಡ ಸೇರಿಸುತ್ತಾರೆ. ನೋಡಿದರೆ ಎರಡು ಬೇರೆ ಬೇರೆ ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ.

ನಾವು ಕನ್ನಡದಿಂದಲೇ ಶುರುಮಾಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ಯರವ ಎಲ್ಲ ಮಾತಾಡುತ್ತಾರೆ. ಆದರೆ ಕೊಡವ ತಕ್ಕ್, ಅರೆಭಾಷೆ ಬರೆಯುವಾಗಲೂ ಸಾಮಾನ್ಯವಾಗಿ ಬಳಸುವುದು ಇದೇ ಲಿಪಿಯನ್ನು. ಹಾಗಾಗಿ ಲಿಪಿ ಚೆಂದ ಇದ್ದರೆ ಎಲ್ಲರ ಹೆಸರೂ ಚೆಂದ ಕಾಣುತ್ತದೆ.

ಕನ್ನಡದಲ್ಲಿ ಒಳ್ಳೆ ಫಾಂಟೇ ಇಲ್ಲ ಅಲ್ವಾ? ಪ್ರೆಸ್ಸಿಗೆ ಕಳಿಸಿದರೆ ಒತ್ತಕ್ಷರ ಒಡೆದು ಬರುತ್ತದೆ.

ಮೊದಲಿನಷ್ಟು ಕಷ್ಟ ಈಗಿಲ್ಲ. ಅನೇಕ್ ಕನ್ನಡ, ಬಲೂ ತಮ್ಮ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಇವೆಲ್ಲ ಉಚಿತ. ಮುಕ್ತ ಲೈಸೆನ್ಸ್ ಇರುವುದರಿಂದ ವ್ಯಾಪಾರಕ್ಕೂ ಬಳಸಬಹುದು. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಬೇಕಾದಷ್ಟು ಬಗೆ ಇವೆ. ಲೇಬಲ್ಲಿನ ಸಣ್ಣ ಜಾಗಕ್ಕೆ ತುಂಬಾ ಅನುಕೂಲ. ತಿರೋ ಪುಸ್ತಕದ ಅಕ್ಷರ, ನಾಲ್ಕು ಸಾಲಿನ ಕಥೆ ಬರೆಯಲು ಚೆನ್ನ.

ಒತ್ತಕ್ಷರ ಒಡೆಯುವುದಕ್ಕೆ ಎರಡು ಕಾರಣ. ಒಂದು, ಊರಿನ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೇ ನುಡಿ, ಬರಹ ಫಾಂಟುಗಳಿವೆ. ಅವು ಯೂನಿಕೋಡ್ ಅಲ್ಲ. ಅದರಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದ ಗೋಜಲಾಗಿ ಕಾಣುತ್ತದೆ. ಎರಡು, ಫೋಟೋಶಾಪ್, ಇಲ್ಲಸ್ಟ್ರೇಟರ್‌ಗಳಲ್ಲಿ ಭಾರತೀಯ ಭಾಷೆಗಳ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ, ಆ ಆಯ್ಕೆ ಚಾಲೂ ಮಾಡಿ, ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರಗಳನ್ನು ಕರ್ವ್ ಆಗಿ ಬದಲಿಸಿ. ಆಮೇಲೆ ಎಲ್ಲಿ ತೆರೆದರೂ ಒಡೆಯುವುದಿಲ್ಲ.

ಲೋಗೋಗೆ ಮಾತ್ರ ಫಾಂಟ್ ಸಾಲದು, ಕೈಯಲ್ಲಿ ಬರೆದು ತಿದ್ದಬೇಕು ಎನ್ನುವುದು ನಮ್ಮ ನಂಬಿಕೆ. ಕನ್ನಡದ ಹೆಸರಿಗೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ‘ಬೆಟ್ಟದಹಳ್ಳಿ’ ಎಂದು ಬರೆದು ನೋಡಿ. ಎರಡು ಒತ್ತು ಕೆಳಗೆ ಇಳಿಯುತ್ತವೆ, ಹಾಗಾಗಿ ಹೆಸರಿಗೆ ಬೇಕಾದ ಎತ್ತರ ಇಂಗ್ಲಿಷಿಗಿಂತ ತುಂಬಾ ಜಾಸ್ತಿ. ಸಾಲಿನ ಕೆಳಗೆ ಗೆರೆ ಎಳೆದರೆ ಒತ್ತುಗಳನ್ನು ಕತ್ತರಿಸಿ ಹೋಗುತ್ತದೆ. ಒತ್ತು ಇಳಿಯುವ ಜಾಗದಲ್ಲಿ ಗೆರೆಯನ್ನು ಬಿಡಿಸಿದರೆ ಅದೇ ಒಂದು ಅಂದ ಆಗುತ್ತದೆ. ಗೋಣಿಚೀಲಕ್ಕೆ ಅಚ್ಚು ಕೊರೆಸುವುದಾದರೆ ಇನ್ನೂ ಎಚ್ಚರ. ಸೊನ್ನೆಯ ನಡುಭಾಗ, ‘ಠ’ದ ಒಳಗಿನ ಚುಕ್ಕೆ ತಗಡಿನಿಂದ ಕಳಚಿ ಬೀಳುತ್ತವೆ. ಅಲ್ಲಲ್ಲಿ ಸಣ್ಣ ಸೇತುವೆ ಬಿಟ್ಟು ಅಕ್ಷರವನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. ಈ ಕೆಲಸಕ್ಕೆ ಸಮಯ ಕೊಡಿ, ಡಿಸೈನರ್ ಹತ್ತಿರವೂ ಕೇಳಿ ಮಾಡಿಸಿ.

ಮಳೆಗಾಲಕ್ಕೆ ಬೋರ್ಡು, ಲೇಬಲ್ ಉಳಿಯುವುದಿಲ್ಲ. ಏನು ಮಾಡುವುದು?

ಬೆಂಗಳೂರಿನಲ್ಲಿ ಕೂತು ಮಾಡಿದ ಡಿಸೈನ್ ನಮ್ಮ ಜೂನ್ ತಿಂಗಳನ್ನು ನೋಡಿರುವುದಿಲ್ಲ. ಫ್ಲೆಕ್ಸ್ ಬೇಸಿಗೆಯಲ್ಲಿ ಬಣ್ಣ ಬಿಡುತ್ತದೆ, ಮಳೆಯಲ್ಲಿ ಗಾಳಿಗೆ ಹರಿಯುತ್ತದೆ, ಕಬ್ಬಿಣದ ಚೌಕಟ್ಟಿನ ತುಕ್ಕು ಹೆಸರಿನ ಮೇಲೆ ಇಳಿಯುತ್ತದೆ. ಬಿಳಿ ಹಿನ್ನೆಲೆಯ ಬೋರ್ಡಾದರೆ ಆಗಸ್ಟ್ ಹೊತ್ತಿಗೆ ಪಾಚಿ ಹಿಡಿದು ಹಸಿರಾಗಿರುತ್ತದೆ. ಅದಕ್ಕೇ ನಾವು ಗಾಢ ಹಿನ್ನೆಲೆ, ಅದರ ಮೇಲೆ ಬಿಳಿ ಅಥವಾ ಹಳದಿ ಅಕ್ಷರ ಎನ್ನುತ್ತೇವೆ. ಮಂಜಿನಲ್ಲಿ ಸಂಜೆ ಗಾಡಿ ಓಡಿಸಿಕೊಂಡು ಬರುವ ಅತಿಥಿಗೂ ಅದೇ ಕಾಣುವುದು. ಅಕ್ಷರಕ್ಕೆ ಬೆಳಕು ಹೊಡೆದರೆ ಹೊಳೆಯುವ ರಿಫ್ಲೆಕ್ಟಿವ್ ಹಾಳೆ ಹಾಕಿಸಿ. ಬೋರ್ಡಿನ ತಲೆಯ ಮೇಲೆ ಒಂದು ಸಣ್ಣ ಮಾಡು ಇರಲಿ. ಹೆದ್ದಾರಿ ಬದಿಯಲ್ಲಿ ನಿಲ್ಲಿಸಲು ಅನುಮತಿ ಬೇಕು, ಕೇಳಿಕೊಂಡೇ ನಿಲ್ಲಿಸಿ.

ಲೇಬಲ್ ವಿಷಯಕ್ಕೆ ಬಂದರೆ, ಕಚಂಪುಳಿಯ ಬಾಟಲಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗಿರುವುದು ಕಪ್ಪು, ಗಟ್ಟಿ ದ್ರವ. ಪಾರದರ್ಶಕ ಲೇಬಲ್ ಮೇಲೆ ಕಂದು ಅಕ್ಷರ ಹಾಕಿದರೆ ಏನೂ ಓದಲಾಗುವುದಿಲ್ಲ. ಪಂದಿಕರಿಗೆ ಎರಡು ಚಮಚ ಹಾಕಿ ಬಾಟಲಿ ಇಟ್ಟ ಮೇಲೆ ಬಾಯಿಯಿಂದ ಒಂದು ಹನಿ ಕೆಳಗಿಳಿಯುತ್ತದೆ. ಅದು ಹುಳಿ. ಕಾಗದದ ಲೇಬಲ್ ಮೇಲೆ ಕಲೆಯಾಗಿ ಉಳಿದು, ಒಂದೆರಡು ವಾರದಲ್ಲಿ ಹೆಸರೇ ಮುಚ್ಚಿಹೋಗುತ್ತದೆ. ಹಾಗಾಗಿ ತಿಳಿ ಬಣ್ಣದ ಪ್ಲಾಸ್ಟಿಕ್ ಫಿಲ್ಮ್ ಲೇಬಲ್, ಅದರ ಮೇಲೆ ಲ್ಯಾಮಿನೇಷನ್, ಹನಿ ಇಳಿಯುವ ಮುಂಭಾಗದಿಂದ ಹೆಸರನ್ನು ಸ್ವಲ್ಪ ಪಕ್ಕಕ್ಕೆ. ಮುದ್ರಿಸುವ ಮೊದಲು ಒಂದು ಮಾದರಿ ಅಂಟಿಸಿ ಅಡುಗೆಮನೆಯ ಸಿಂಕ್ ಪಕ್ಕ ಒಂದು ವಾರ ಇಡಿ. ಒದ್ದೆ ಕೈಯಲ್ಲಿ ಎಲ್ಲರೂ ಮುಟ್ಟಲಿ. ಉಳಿದರೆ ಮುದ್ರಿಸಿ.

ಕಾಫಿಗೆ ಕಂದು ಕ್ರಾಫ್ಟ್ ಪೊಟ್ಟಣ ಎಲ್ಲರಿಗೂ ಇಷ್ಟ. ಒಳಗೆ ತೇವ ತಡೆಯುವ ಪದರ ಇದ್ದರೆ ಮಾತ್ರ ತಗೊಳ್ಳಿ. ನಮ್ಮ ಹವೆಯಲ್ಲಿ ಬರೀ ಕಾಗದ ಸಾಲದು. ಹುರಿದ ಬೀಜ ಗಾಳಿ ಬಿಡುತ್ತಿರುತ್ತದೆ, ಅದಕ್ಕೆ ಒಮ್ಮುಖ ವಾಲ್ವ್ ಬೇಕು. ಆ ವಾಲ್ವ್ ಎಲ್ಲಿ ಬರುತ್ತದೆ ಎಂದು ಮೊದಲೇ ತಿಳಿದುಕೊಳ್ಳದಿದ್ದರೆ ಅದು ನೇರ ಲೋಗೋದ ಮೇಲೆ ಬಂದು ಕೂರುತ್ತದೆ.

ಲೇಬಲ್ ಮೇಲೆ ಕಡ್ಡಾಯವಾಗಿ ಏನೇನು ಇರಬೇಕು?

ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಡಬೇಡಿ, ಮೊದಲೇ ಜಾಗ ಬಿಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಸಂಖ್ಯೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ತಯಾರಕರ ಪೂರ್ತಿ ವಿಳಾಸ, ದೂರು ಹೇಳಲು ಫೋನ್ ಮತ್ತು ಇಮೇಲ್, ಸಸ್ಯಾಹಾರದ ಹಸಿರು ಗುರುತು. ಅಕ್ಷರದ ಎತ್ತರಕ್ಕೂ ಕನಿಷ್ಠ ಮಿತಿ ಇದೆ. ಯಾವ ಪದಾರ್ಥಕ್ಕೆ ಇನ್ನೇನು ಬೇಕು ಎಂದು ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ.

ಕಾಫಿಗೆ ಚಿಕೋರಿ ಬೆರೆಸುವುದಾದರೆ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವನ್ನೂ ಬರೆಯಬೇಕು. ಮುಚ್ಚಿಡಬೇಡಿ. ಚಿಕೋರಿ ಇಷ್ಟಪಟ್ಟು ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ಅಂಗಡಿಗೆ ಕೊಡುವ ಪ್ಯಾಕೆಟ್ ಮೇಲೆ ‘ಆರ್ಗ್ಯಾನಿಕ್’ ಎಂದು ಬರೆಯಲು ಎನ್‌ಪಿಒಪಿ ಅಥವಾ ಪಿಜಿಎಸ್ ಎಂಬ ಸಾವಯವ ಪ್ರಮಾಣಪತ್ರ ಬೇಕು.

ಹೋಂಮೇಡ್ ವೈನ್‌ಗೆ ಲೇಬಲ್ ಮಾಡಿಕೊಡುತ್ತೀರಾ?

ಅಬಕಾರಿ ಇಲಾಖೆಯ ಲೈಸೆನ್ಸ್ ತೋರಿಸಿದರೆ ಮಾಡುತ್ತೇವೆ.

ನಮ್ಮದು ವ್ಯಾಪಾರ ಅಲ್ಲ, ಊರಿನ ಸಂಘ. ಬ್ರ್ಯಾಂಡ್ ಎಂಬ ಪದವೇ ನಮಗೆ ಸರಿಹೋಗುವುದಿಲ್ಲ.

ಪದ ಬಿಡಿ, ಕೆಲಸ ನೋಡಿ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಒಕ್ಕದಿಂದ ಶುರುವಾಯಿತು. ಆಮೇಲೆ ಒಂದೊಂದು ಸಲ ಒಂದೊಂದು ಒಕ್ಕ ಮುಂದೆ ಬಂದು ನಡೆಸುತ್ತದೆ. ಆ ವರ್ಷದ ಲೋಗೋ ಬಿಡುಗಡೆಯೇ ಒಂದು ಸಮಾರಂಭ. ಟೀಶರ್ಟಿನಿಂದ ಟ್ರೋಫಿಯವರೆಗೆ ಆ ಗುರುತು ಹೋಗುತ್ತದೆ, ಮನೆಯವರು ಅದನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ಮಡಿಕೇರಿ ದಸರಾದ ಮಂಟಪ ಸಮಿತಿಗಳ ಹುಡುಗರನ್ನೇ ನೋಡಿ, ಯಾವ ಮಂಟಪದವರೆಂದು ಅಂಗಿಯಲ್ಲೇ ಗೊತ್ತಾಗಬೇಕು ಅವರಿಗೆ. ಬ್ರ್ಯಾಂಡ್ ಎಂದು ಯಾರೂ ಕರೆಯುವುದಿಲ್ಲ, ಆದರೆ ಇದು ನಮ್ಮದು ಎಂಬ ಭಾವನೆಗೆ ರೂಪ ಕೊಡುವ ಕೆಲಸ ಅದೇ.

ಸಂಘಗಳಿಗೆ ನಾವು ಮಾಡುವ ರೀತಿ ಸ್ವಲ್ಪ ಬೇರೆ. ಇಡೀ ಸಭೆಯ ಮುಂದೆ ನಾಲ್ಕು ಲೋಗೋ ಇಟ್ಟು ಕೈ ಎತ್ತಿಸುವುದಿಲ್ಲ. ಹಾಗೆ ಮಾಡಿದರೆ ಯಾರಿಗೂ ಬೇಸರವಾಗದ, ಯಾರಿಗೂ ನೆನಪಿರದ ಒಂದು ಗೆಲ್ಲುತ್ತದೆ. ಬದಲಿಗೆ ಎಲ್ಲ ಸದಸ್ಯರ ಮಾತು ಕೇಳುತ್ತೇವೆ. ಸಂಘ ಯಾಕೆ ಶುರುವಾಯಿತು, ಯಾವ ದಿನ ಎಲ್ಲರೂ ತಪ್ಪದೆ ಬರುತ್ತೀರಿ, ಇದು ನಿಂತುಹೋದರೆ ಊರಿಗೆ ಏನು ನಷ್ಟ? ಆಮೇಲೆ ಆರಿಸುವ ಕೆಲಸವನ್ನು ಮೂವರಿಗೆ ಒಪ್ಪಿಸಿ ಎನ್ನುತ್ತೇವೆ. ಆ ಮೂವರಲ್ಲಿ ಒಬ್ಬರಾದರೂ ಚಿಕ್ಕ ವಯಸ್ಸಿನವರು ಇರಲಿ.

ಸಂಘದ ಗುರುತು ಒಂದೇ ಬಣ್ಣದಲ್ಲಿ ನಿಲ್ಲಬೇಕು. ರಬ್ಬರ್ ಸ್ಟ್ಯಾಂಪ್, ರಸೀದಿ ಪುಸ್ತಕ, ಸ್ಕ್ರೀನ್ ಪ್ರಿಂಟಿನ ಟೀಶರ್ಟ್, ಜೆರಾಕ್ಸ್ ಮಾಡಿದ ಕರಪತ್ರ, ಕಪ್ಪುಬಿಳುಪಿನ ಪತ್ರಿಕೆ ಜಾಹೀರಾತು, ಇಲ್ಲೆಲ್ಲ ಅದು ಬರುತ್ತದೆ. ಮಡಿಕೇರಿಯಲ್ಲಿ 1957ರಿಂದ ಬರುತ್ತಿರುವ ‘ಶಕ್ತಿ’ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಕಟಣೆ ಹಾಕಿಸಿದರೆ ಆ ಚೌಕದಲ್ಲೂ ನಿಮ್ಮ ಗುರುತು ಕಾಣಬೇಕು ಅಲ್ವಾ? ಜೊತೆಗೆ ಪೋಸ್ಟರಿನ ಒಂದು ಸಿದ್ಧ ಮಾದರಿ ಕೊಡುತ್ತೇವೆ. ಹೆಸರು, ದಿನ, ಜಾಗ ಬದಲಿಸಿದರೆ ಸಾಕು, ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲೇ ಮಾಡಿಬಿಡಬಹುದು.

ಇನ್ನೊಂದು ಮುಖ್ಯ ವಿಷಯ. ಲೋಗೋ ಫೈಲು, ಇಮೇಲ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಎಲ್ಲವೂ ಸಂಘದ ಖಾತೆಯಲ್ಲಿರಲಿ. ಕಾರ್ಯದರ್ಶಿಯ ಸ್ವಂತ ಫೋನಿನಲ್ಲಿ ಇದ್ದರೆ, ಪದಾಧಿಕಾರಿಗಳು ಬದಲಾದಾಗ ಹುಡುಕಾಟ ಶುರುವಾಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ, ಎಐನಲ್ಲಿ ಫ್ರೀ ಆಗಿ ಲೋಗೋ ಬರುತ್ತದಲ್ಲ?

ಬರುತ್ತದೆ. ಒಂದು ದಿನದ ಕಾರ್ಯಕ್ರಮಕ್ಕೆ, ಮೊದಲ ಸಂತೆಯಲ್ಲಿ ಮಾರಿ ನೋಡಲು ಅದು ಸಾಕು. ಮಡಿಕೇರಿಯ ಶುಕ್ರವಾರದ ಸಂತೆಗೆ ಕೈಬರಹದ ಚೀಟಿ ಅಂಟಿಸಿದರೂ ಸಾಕು, ನಿಜವಾಗಿ ಹೇಳುತ್ತೇವೆ. ಮೊದಲು ಜನ ಎರಡನೇ ಸಲ ಕೊಳ್ಳುತ್ತಾರಾ ನೋಡಿ.

ಮುಂದೆ ಬೆಳೆಸುವ ಹೆಸರಿಗೆ ಮಾತ್ರ ಬೇಡ. ಆ್ಯಪ್‌ನ ಸಿದ್ಧ ಚಿತ್ರ ಇನ್ನೊಬ್ಬರಿಗೂ ಸಿಗುತ್ತದೆ, ಅದನ್ನು ಟ್ರೇಡ್‌ಮಾರ್ಕ್ ಮಾಡಲು ಸಾಮಾನ್ಯವಾಗಿ ಅವರ ನಿಯಮವೇ ಬಿಡುವುದಿಲ್ಲ. ಎಐ ಬರೆದ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಿ. ದೂರದಿಂದ ಕನ್ನಡದ ಹಾಗೆ ಕಂಡರೂ ಒತ್ತು, ಕೊಂಬು ತಪ್ಪಾಗಿರುವುದು ತುಂಬಾ ಸಲ ಸಿಗುತ್ತದೆ.

ಎಷ್ಟು ಖರ್ಚಾಗುತ್ತದೆ?

ಕೆಲಸ ನೋಡದೆ ಅಂಕಿ ಹೇಳುವುದಿಲ್ಲ. ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಎಂದು ಹೇಳುತ್ತೇವೆ. ಮೊದಲು ಹೆಸರು ಮತ್ತು ಅಕ್ಷರ. ಆಮೇಲೆ ಜನ ಕೈಯಲ್ಲಿ ಹಿಡಿಯುವ ವಸ್ತು, ಅಂದರೆ ಪ್ಯಾಕೆಟ್ಟೋ ಬೋರ್ಡೋ. ವಿಸಿಟಿಂಗ್ ಕಾರ್ಡ್, ಮಗ್ಗು, ಟೋಪಿ ಎಲ್ಲ ಕೊನೆಗೆ. ವೆಬ್‌ಸೈಟ್ ಕೂಡ ಕಾಯಬಹುದು. ಹೋಂಸ್ಟೇಯವರು ಮೊದಲು ಮ್ಯಾಪಿನಲ್ಲಿ ಜಾಗ ಸರಿಯಾಗಿ ಗುರುತಿಸಿ, ಒಳ್ಳೆ ಫೋಟೋ ಹಾಕಲಿ. ಮುದ್ರಣದಲ್ಲಿ ಒಂದೇ ಖಾಲಿ ಪೊಟ್ಟಣ ಮಾಡಿಸಿ, ಅರೇಬಿಕಾ, ರೋಬಸ್ಟಾ, ಕಾಳುಮೆಣಸು ಎಂದು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿದರೆ ತುಂಬಾ ಉಳಿತಾಯ.

ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿ, ಸಹಕಾರ ಸಂಘಗಳಿಗೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಪ್ರಧಾನಮಂತ್ರಿ ಯೋಜನೆಯಲ್ಲಿ, ಅಂದರೆ ಪಿಎಂಎಫ್‌ಎಂಇಯಲ್ಲಿ, ಬ್ರ್ಯಾಂಡಿಂಗ್ ಮತ್ತು ಮಾರುಕಟ್ಟೆ ಖರ್ಚಿನ ಶೇ 50ರವರೆಗೆ ನೆರವಿಗೆ ಅವಕಾಶ ಇಟ್ಟಿದ್ದಾರೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ಖರ್ಚಿಗೆ ಇಳಿಯಿರಿ.

ಟ್ರೇಡ್‌ಮಾರ್ಕ್ ಮಾಡಿಸಬೇಕಾ?

ಜಿಲ್ಲೆಯ ಹೊರಗೆ ಮಾರುವ ಯೋಚನೆ ಇದ್ದರೆ ಹೌದು. ಹೆಸರು ಗಟ್ಟಿಮಾಡುವ ಮೊದಲೇ ಟ್ರೇಡ್‌ಮಾರ್ಕ್ ಕಚೇರಿಯ ಆನ್‌ಲೈನ್ ಹುಡುಕಾಟದಲ್ಲಿ ನೋಡಿ, ಉಚಿತ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಕಾಫಿ, ಮೆಣಸು, ಜೇನು, ಚಾಕೊಲೇಟ್, ವಿನೆಗರ್ ಎಲ್ಲ 30ನೇ ವರ್ಗ. ಉಪ್ಪಿನಕಾಯಿ, ಜಾಮ್ 29. ಹೋಂಸ್ಟೇ 43. ನಾಟಕ, ಸಾಂಸ್ಕೃತಿಕ ಕಾರ್ಯಕ್ರಮ 41. ಅರ್ಜಿ ಒಪ್ಪಿದ ಮೇಲೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ನಾಲ್ಕು ತಿಂಗಳು. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿ ಸಿಕ್ಕ ಮೇಲೆಯೇ ಹಾಕಬೇಕು. ಅಲ್ಲಿಯವರೆಗೆ ‘ಟಿಎಂ’ ಸಾಕು.

ದುಡ್ಡು ಕೊಟ್ಟ ಮೇಲೆ ಲೋಗೋ ನಮ್ಮದೇ ತಾನೇ?

ಬರೆದುಕೊಂಡಿದ್ದರೆ ಮಾತ್ರ ಧೈರ್ಯವಾಗಿ ಹೌದು ಎನ್ನಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಅದು 5 ವರ್ಷಕ್ಕೆ ಎಂದು ಕಾಯ್ದೆ ಭಾವಿಸುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಡಿಸೈನರ್ ಗೆಳೆಯರೇ ಆಗಿದ್ದರೂ ಒಂದು ಪುಟ ಬರೆಸಿಕೊಳ್ಳಿ. ನಾವು ಕೊನೆಯ ಕಂತು ಬಂದ ದಿನವೇ ಈ ಪತ್ರವನ್ನು, ತಿದ್ದಬಹುದಾದ ಮೂಲ ಫೈಲುಗಳನ್ನು ಕೊಟ್ಟುಬಿಡುತ್ತೇವೆ. ಬರೀ ಜೆಪೆಗ್ ಕೊಟ್ಟು ಕೈತೊಳೆದುಕೊಳ್ಳುವವರ ಹತ್ತಿರ ಮೂಲ ಫೈಲು ಕೇಳಿ ಪಡೆಯಿರಿ. ಬೋರ್ಡಿನಷ್ಟು ದೊಡ್ಡದು ಮಾಡಲು ಅದು ಬೇಕೇ ಬೇಕು.

ಅಪ್ಪ ಮಾಡಿಸಿದ ಹಳೇ ಲೇಬಲ್ ಇದೆ. ಬದಲಿಸಬೇಕಾ?

ಜನ ಅದನ್ನು ನೋಡಿ ಗುರುತು ಹಿಡಿಯುತ್ತಿದ್ದರೆ ಮುಟ್ಟಬೇಡಿ. ಮೈಸೂರು ಸ್ಯಾಂಡಲ್ ಸೋಪಿನ ಶರಭ ಎಷ್ಟು ತಲೆಮಾರಿನಿಂದ ನಮ್ಮ ಬಚ್ಚಲುಮನೆಯಲ್ಲಿದೆ ನೋಡಿ. ಹೊಸ ಪೀಳಿಗೆ ವ್ಯವಹಾರಕ್ಕೆ ಬಂದ ಕೂಡಲೇ ಎಲ್ಲ ಬದಲಿಸುವ ಆಸೆ ಆಗುತ್ತದೆ, ನಮಗೆ ಅರ್ಥ ಆಗುತ್ತದೆ. ಅಕ್ಷರ ಮಸುಕಾಗಿದ್ದರೆ ಹೊಸದಾಗಿ ಅದೇ ರೀತಿ ಬರೆಸೋಣ. ಬಣ್ಣ ಪ್ರತಿ ಮುದ್ರಣದಲ್ಲೂ ಬೇರೆ ಬರುತ್ತಿದ್ದರೆ ಒಂದು ನಿಗದಿ ಮಾಡೋಣ. ಕಡ್ಡಾಯ ವಿವರಗಳಿಗೆ ಹಿಂಭಾಗದಲ್ಲಿ ಜಾಗ ಮಾಡೋಣ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ, ಖರ್ಚೂ ಕಡಿಮೆ.

ಮೊದಲ ಮಾತುಕತೆಗೆ ಬರುವಾಗ ಏನು ತರಬೇಕು?

ನೀವು ಮಾಡುವ ವಸ್ತುವನ್ನೇ ತನ್ನಿ. ಈಗಿನ ಪ್ಯಾಕೆಟ್, ಹಳೇ ಬಿಲ್ಲು, ಬೋರ್ಡಿನ ಫೋಟೋ. ಗ್ರಾಹಕರು ವಾಟ್ಸಾಪ್‌ನಲ್ಲಿ ಬರೆದ ಮಾತುಗಳನ್ನು ತೋರಿಸಿ, ಹೊಗಳಿಕೆ ಮಾತ್ರ ಅಲ್ಲ, ದೂರುಗಳನ್ನೂ. ಬೇರೆಯವರ ಲೋಗೋ ತಂದು ಇದೇ ತರ ಬೇಕು ಎನ್ನುವುದಕ್ಕಿಂತ ತೋಟದ ಜಾಗಗಳ ಆ ಹೆಸರಿನ ಪಟ್ಟಿ ತಂದರೆ ಬೇಗ ಮುಂದೆ ಹೋಗಬಹುದು. ಸಾಧ್ಯವಾದರೆ ನಾವೇ ನಿಮ್ಮಲ್ಲಿಗೆ ಬರುತ್ತೇವೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ನಿಮಗೂ ಪುರುಸೊತ್ತಿರುವುದಿಲ್ಲ, ಆದ್ದರಿಂದ ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಶುರುಮಾಡಿದರೆ ಹೊಸ ಬೆಳೆಯ ಪುಡಿ ಹೊಸ ಪ್ಯಾಕೆಟ್ಟಿನಲ್ಲಿ ಹೋಗುತ್ತದೆ.